ಉಪಾಸದ ಪುಡಿ

ಇವತ್ತಿಗೂ ಶಾಲು ಕಂಡರೆ ನನಗೆ ವಾಕರಿಕೆ ಬರುತ್ತದೆ.

ಉದಗೀರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಉಳಿದ ಹೊತ್ತಿನಲ್ಲಿ ಪಾವ್ ಬ್ರೆಡ್ಡು ಉಬ್ಬಿಸುವ ಯೀಸ್ಟನ್ನು ಹಸಿವಿನಲ್ಲಿಟ್ಟು ಸೂಕ್ಷ್ಮದರ್ಶಕದ ಮುಂದೆ ಕೂಡುವುದು ನನ್ನ ಸಂಶೋಧನೆ. ಉಣ್ಣಲು ಸಿಗದ ಜೀವಕೋಶ ತನ್ನೊಳಗಿನ ಹಳೆಯ, ಮುರಿದ ಭಾಗಗಳನ್ನು ಒಂದು ಚೀಲದಲ್ಲಿ ಸುತ್ತಿ, ಕರಗಿಸಿ, ಅದರಿಂದಲೇ ಹೊಸದನ್ನು ಕಟ್ಟಿಕೊಳ್ಳುತ್ತದೆ. ಹರಿದ ಸೀರೆಗಳಿಂದ ಕೌದಿ ಹೊಲಿದ ಹಾಗೆ. ನೋಡುತ್ತ ಕುಳಿತರೆ ನನಗೆ ಊಟದ ನೆನಪೇ ಆಗುವುದಿಲ್ಲ.

ಹೋದ ಶ್ರಾವಣದಲ್ಲಿ ಕಾಲೇಜಿಗೆ ಬಂದ ಹಳ್ಳಿಯ ಹೆಣ್ಣುಮಕ್ಕಳಿಗೆ ಇದನ್ನೇ ಹೇಳಿದೆ. ಎಡವಿದ್ದು ಅಲ್ಲೇ. ಸುಲಭವಾಗಿ ತಿಳಿಯಲಿ ಎಂದು ‘ಹಸಿವು’ ಅನ್ನುವ ಬದಲು ‘ಉಪಾಸ’ ಅಂದುಬಿಟ್ಟೆ. ನಮ್ಮ ಕಡೆ ಉಪಾಸ ಅಂದರೆ ಹಸಿವಲ್ಲ, ಪುಣ್ಯ. ಸಾಬುದಾಣಿ ಖಿಚಡಿ, ಶೇಂಗಾ ಉಂಡಿ ತಿಂದು ಗಳಿಸುವ ಪುಣ್ಯ. ಎಲ್ಲರೂ ತಲೆದೂಗಿದರು, ನಾನು ಉಬ್ಬಿಹೋದೆ. ಬಹಳ ದಿನ ಹೀಗೆ ಇಟ್ಟರೆ ಯೀಸ್ಟ್ ಸತ್ತುಹೋಗುತ್ತದೆ ಎಂದೂ ಕೊನೆಗೆ ಹೇಳಿದ್ದೆ.

ಆ ಭಾಷಣದ ವಿಡಿಯೊ ಉಮರ್ಗಾದ ಮೈ ಶುದ್ಧಿಯ ಪುಡಿ ಮಾರುವ ಒಬ್ಬನ ಕೈಗೆ ಬಿತ್ತು. ಹೆಣದ ಬಾಯಿಯ ಅಕ್ಕಿ ಆರಿಸಿ ತಿನ್ನುವಂಥ ಮನುಷ್ಯ. ಸಾಯುವ ಮಾತನ್ನು ಕತ್ತರಿಸಿ, ಉಳಿದದ್ದಕ್ಕೆ ತನ್ನ ಡಬ್ಬಿಯ ಚಿತ್ರ ಅಂಟಿಸಿ ಊರೂರಿಗೆ ಕಳಿಸಿದ. ಅವನು ಹೇಳಿದ ಉಪಾಸ ಇಷ್ಟೇ: ಮೂರು ದಿನ ಪುಡಿ ಮತ್ತು ನೀರು, ಬೇರೇನೂ ಇಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಚಿಗವ್ವ ತುರೋರಿಯ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದ ಮೇಲೆ. ಆಕೆ ಅವ್ವನ ತಂಗಿ. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಲೇ ಎರಡು ದಿನ ಆ ಪುಡಿ, ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಉಮರ್ಗಾದ ಆಸ್ಪತ್ರೆಯಲ್ಲಿ ಡಾಕ್ಟರು, “ಇನ್ನೊಮ್ಮಿ ಹಿಂಗ ಆದ್ರ ಉಳಿಯಂಗಿಲ್ರೀ” ಅಂದರು.

ಪುಡಿಯವನು ಸಭೆ ನಡೆಸುತ್ತಿದ್ದ ಮಂಗಲ ಕಾರ್ಯಾಲಯಕ್ಕೆ, ಅಂದರೆ ಮದುವೆ ಹಾಲಿಗೆ, ಸೀದಾ ನುಗ್ಗಿದೆ. ಬಾಯಿ ತೆರೆಯುವಷ್ಟರಲ್ಲಿ ಅವನೇ ಮೈಕು ಹಿಡಿದು ಓಡಿಬಂದ.

“ಯಾ ಯಾ, ಬರ್ರಿ ಮ್ಯಾಡಮ್! ನಿಮ್ಮ ಕೃಪಾದಿಂದ ಇಷ್ಟು ಮಂದಿ ಕೂಡ್ಯಾರ ನೋಡ್ರೀ!”

ಅನ್ನುತ್ತಲೇ ನನಗೆ ಶಾಲು ಹೊದಿಸಿದ. ಚಪ್ಪಾಳೆ ಬಿತ್ತು. ಹೆಗಲಿಗೆ ಶಾಲು ಬಿದ್ದರೆ ನಮ್ಮ ಕಡೆಯವರ ಕೈಗಳು ತಾವಾಗಿ ನಮಸ್ಕಾರಕ್ಕೆ ಕೂಡಿಕೊಳ್ಳುತ್ತವೆ. ನನ್ನವೂ ಕೂಡಿಕೊಂಡವು. ಥೂ! ಅವನ ಮೈಯ ಅತ್ತರಿನ ನಾತ, ಕುತ್ತಿಗೆಗೆ ಚುಚ್ಚುವ ಅಗ್ಗದ ಜರಿ, ಹಲ್ಲು ಕಿಸಿದ ನನ್ನ ಮುಖ. ಆಮೇಲೆ ಶಾಲು ಕಿತ್ತೆಸೆದು ಬಾಯಿಗೆ ಬಂದಂತೆ ಬೈದೆ. ಆದರೆ ಮೈಕು ಅವನ ಕೈಯಲ್ಲಿತ್ತು.

ಆಸ್ಪತ್ರೆಗೆ ಮರಳಿದಾಗ ಚಿಗವ್ವ ಎದ್ದು ಕುಳಿತಿದ್ದಳು. ಮುಂದಿದ್ದ ರೊಟ್ಟಿ, ಬ್ಯಾಳಿ ಮುಟ್ಟಿರಲಿಲ್ಲ.

“ಉಣ್ಣು ಚಿಗವ್ವ. ಅಂವಾ ಹೇಳಿದ್ದೆಲ್ಲಾ ಸುಳ್ಳ ಅದ” ಅಂದೆ.

ಆಕೆ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಸಭೆಯ ವಿಡಿಯೊದಲ್ಲಿ ಶಾಲು ಹೊದ್ದ ನಾನು ನನಗಿಂತ ಮುಂಚೆಯೇ ಅಲ್ಲಿಗೆ ಬಂದು ಮುಟ್ಟಿದ್ದೆ.

“ಸುಳ್ಳ ಇದ್ರ ನೀ ಕೈ ಯಾಕ ಮುಗದಿ?” ಎಂದು ತಾಟನ್ನು ಅತ್ತ ಸರಿಸಿದಳು. “ಇವತ್ತೊಂದ ದಿನ ಉಳದದ. ಮುಗಸ್ತೀನಿ.”