ಜೋರಾಗಿ ಕೂಗುವ ಸೈಲೆನ್ಸರ್

ನನ್ನ ಭಾವನಂಥ ಪುಕ್ಕಲು ಮನುಷ್ಯನನ್ನು ಈ ಜನ್ಮದಲ್ಲಿ ನಾನು ಕಂಡಿಲ್ಲ. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಬಹುವಚನದಲ್ಲಿ ಮಾತಾಡಿಸುತ್ತೇನೆ, ಅಷ್ಟೆ. ಜನನ ಮರಣ ನೋಂದಣಿ ಕಚೇರಿಯ ನಕಲು ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಕುರ್ಚಿ. ಮೇಲಧಿಕಾರಿ ಏನೇ ಹೇಳಲಿ, ‘ಆಯ್ತು ಸಾರ್’. ಬೈದರೂ ‘ಆಯ್ತು ಸಾರ್’. ರಜೆ ಕೇಳಲು ಒಳಗೆ ಹೋದವರು ಭಾನುವಾರದ ಕೆಲಸ ಒಪ್ಪಿಕೊಂಡು ಹೊರಗೆ ಬಂದದ್ದೂ ಉಂಟು. ಕೊನೆಗೆ ಕಚೇರಿಯಲ್ಲಿ ಅವರ ಹೆಸರೇ ಆಯ್ತುಸಾರ್ ಆಗಿಹೋಯಿತು. ಅದಕ್ಕೂ ಅವರು ಓಗೊಡುತ್ತಾರೆ.

ಇಂಥ ಮಹಾಶಯರು ಒಂದು ಶನಿವಾರ ಮಧ್ಯಾಹ್ನ ನನ್ನ ಗ್ಯಾರೇಜಿಗೆ ಬಂದು, ಬೈಕಿಗೆ ಜೋರಾಗಿ ಸದ್ದು ಮಾಡುವ ಸೈಲೆನ್ಸರ್ ಬೇಕು ಎಂದರು. ಹೊಗೆ ಹೋಗುವ ಕೊಳವೆಗೆ ಆ ಹೆಸರಿಟ್ಟವರು ಅದು ಸುಮ್ಮನಿರಲಿ ಅಂತಲೇ ಇಟ್ಟಿದ್ದು. ಜೋರಾಗಿ ಕೂಗುವ ಸೈಲೆನ್ಸರ್ ಕೇಳಿಕೊಂಡು ಬರುವ ಪಡ್ಡೆಗಳನ್ನು ಕಂಡರೇ ನನಗೆ ಮೈ ಉರಿಯುತ್ತದೆ. ಅಂಥದ್ದರಲ್ಲಿ ನಲವತ್ತೊಂಬತ್ತು ತುಂಬಿದ, ಇಸ್ತ್ರಿ ಅಂಗಿಯ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡ ಈ ಮನುಷ್ಯ ಬೇರೆ.

ಯಾಕೆ ಅಂದೆ. ಜೇಬಿನ ಎರಡೂ ಪೆನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡರು. ಆಮೇಲೆ ವಿಷಯ ಹೊರಬಿತ್ತು. ಮೊದಲೆಲ್ಲ ಅವರ ಬೈಕು ಬೀದಿಯ ತಿರುವಿಗೆ ಬಂದರೆ ಸಾಕು, ಮಗಳು ಸದ್ದಿನ ಗುರುತು ಹಿಡಿದು ಓಡಿಬಂದು ಗೇಟು ತೆಗೆದು ನಿಲ್ಲುತ್ತಿದ್ದಳಂತೆ. ಈಗ ಬರುವುದಿಲ್ಲ. ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದೆ ಅಂತ ನಾನು ಬದಲಾಯಿಸಿದ್ದೆನಲ್ಲ, ಆವತ್ತಿನಿಂದಲೇ ನಿಂತಿತಂತೆ.

“ನೀನು ಹಾಕಿದ್ದಕ್ಕೆ ಸದ್ದೇ ಇಲ್ಲ ಕಣೋ. ನಾನು ಬಂದಿದ್ದು ಅವಳಿಗೆ ಹೇಗೆ ಗೊತ್ತಾಗ್ಬೇಕು?”

ನಾನು ಅದನ್ನು ಬದಲಾಯಿಸಿ ನಾಲ್ಕು ವರ್ಷ. ಆಗ ಹುಡುಗಿಗೆ ಹನ್ನೆರಡು, ಈಗ ಹದಿನಾರು. ದಿನವೆಲ್ಲ ಊರವರ ಹುಟ್ಟಿದ ತಾರೀಖು ನಕಲು ಮಾಡುವ ಮನುಷ್ಯನಿಗೆ ಸ್ವಂತ ಮಗಳು ದೊಡ್ಡವಳಾಗಿದ್ದು ತಿಳಿದಿಲ್ಲ. ಅದನ್ನು ಮುಖಕ್ಕೇ ಹೇಳೋಣ ಅನಿಸಿತು. ಹೇಳಿದರೆ ಆಯ್ತು ಅನ್ನುತ್ತಾರೆ, ಅದನ್ನು ಕೇಳುವ ತಾಳ್ಮೆ ನನಗಿರಲಿಲ್ಲ. ಮೂಲೆಯ ರಾಶಿಯಿಂದ ಮೂರು ಸೈಲೆನ್ಸರ್ ಎಳೆದು ಅವರ ಮುಂದೆ ಹಾಕಿದೆ.

ಅವರು ಆರಿಸಿದ ಚಂದ ನೋಡಬೇಕಿತ್ತು. ಜೇಬಿನಿಂದ ಪುಟ್ಟ ನೋಟ್‌ಬುಕ್ಕು ತೆಗೆದು, ನನ್ನ ಹತ್ತಿರ ಸ್ಕೇಲು ಇಸಕೊಂಡು ಕಾಲಂ ಎಳೆದರು: ಜೋರು, ಗಾಂಭೀರ್ಯ, ಗುರುತು. ಪ್ರತಿಯೊಂದಕ್ಕೂ ಹತ್ತು ಅಂಕ. ನಾನು ಬೋಲ್ಟು ಬಿಗಿದು ಎಕ್ಸಲರೇಟರ್ ತಿರುವುತ್ತಿರಬೇಕು, ಅವರು ಬೀದಿಯ ಕೊನೆಯ ಕರೆಂಟ್ ಕಂಬದವರೆಗೆ ನಡೆದು, ನನಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೇಳಬೇಕು. ಒಂದು ಸಲ ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಂತರು. ಅದೇನು ಅಂತ ಕೇಳಿದರೆ, ಮಗಳು ಇಯರ್‌ಫೋನ್ ಹಾಕಿಕೊಂಡಿರುತ್ತಾಳಲ್ಲ ಅಂದರು. ಎದುರಂಗಡಿಯ ಟೈಲರ್ ಮಿಷನ್ನು ನಿಲ್ಲಿಸಿ ನಗುತ್ತಿದ್ದ. ನಾನು ತಲೆ ಎತ್ತದೆ ಸ್ಪ್ಯಾನರ್ ತಿರುವುತ್ತಿದ್ದೆ.

ಮೊದಲನೆಯದು ಕೆಮ್ಮುತ್ತದೆ ಎಂದು ಗಾಂಭೀರ್ಯಕ್ಕೆ ಎರಡೇ ಅಂಕ ಕೊಟ್ಟರು. ಎರಡನೆಯದು ಯಾರ ಬೈಕಾದರೂ ಆಗಿರಬಹುದು, ಗುರುತಿಗೆ ಸೊನ್ನೆ. ಮೂರನೆಯದು ಗಿಡ್ಡ, ಮೊಂಡು. ಶುರು ಮಾಡಿದ್ದೇ ತಡ, ಗ್ಯಾರೇಜಿನ ಶಟರು ಗಡಗಡ ಅಂದಿತು. ಭಾವ ಕಂಬದ ಹತ್ತಿರದಿಂದ ಓಡಿಕೊಂಡೇ ಬಂದರು. ಗುರುತಿನ ಕಾಲಮಿನಲ್ಲಿ ಹತ್ತು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು.

ಹಿಂದೆ ಕೂರು, ನೀನೂ ನೋಡುವೆಯಂತೆ ಎಂದು ನನ್ನನ್ನೂ ಕರೆದೊಯ್ದರು. ಮನೆಯ ಬೀದಿಯ ತಿರುವಿನಲ್ಲಿ ಬೈಕು ನಿಲ್ಲಿಸಿ, ಕೂದಲು ಸರಿಮಾಡಿಕೊಂಡು, ಮೂರು ಸಲ ಎಕ್ಸಲರೇಟರ್ ಕೊಟ್ಟರು. ಬಟ್ಟೆ ಒಣಹಾಕುತ್ತಿದ್ದವರೆಲ್ಲ ಬಾಲ್ಕನಿಯಿಂದ ಬಗ್ಗಿ ನೋಡಿದರು. ಗೇಟು ತೆರೆಯಿತು. ಹುಡುಗಿ ಓಡಿಬಂದಳು, ಸುಳ್ಳಲ್ಲ. ಮುಖ ಕೆಂಪಾಗಿತ್ತು. ಅವಳ ಹಿಂದೆ ಬಾಗಿಲಲ್ಲಿ ಮೂವರು ಗೆಳತಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

“ಅಪ್ಪಾ, ನಾಳೆಯಿಂದ ತಿರುವಲ್ಲೇ ಆಫ್ ಮಾಡಿ ತಳ್ಕೊಂಡು ಬಾ. ಪ್ಲೀಸ್.”

“ಆಯ್ತಮ್ಮ,” ಅಂದರು.

ಸಾರ್ ಅನ್ನುವುದೊಂದು ಬಾಕಿ. ಹೆತ್ತ ಮಗಳ ಮುಂದೆಯಾದರೂ ಒಂದು ಸಲ ದನಿ ಎತ್ತಬಾರದೇ? ನನಗೆ ಅಲ್ಲೇ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಸೋಮವಾರದಿಂದ ತಳ್ಳುತ್ತಿದ್ದಾರೆ. ದಿನಾ ಸಂಜೆ ಆರಕ್ಕೆ, ಊಟದ ಡಬ್ಬಿಯ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು, ಊರಿಗೆಲ್ಲ ಜೋರಾದ ಸೈಲೆನ್ಸರ್ ಇರುವ ಬೈಕನ್ನು ಏದುಸಿರು ಬಿಡುತ್ತ ತಳ್ಳಿಕೊಂಡು ಹೋಗಿ, ತಾವೇ ಗೇಟು ತೆಗೆಯುತ್ತಾರೆ. ಅವರು ಬಂದದ್ದು ಒಳಗೆ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕನ ಮನೆಗೆ ಹೋದಾಗ ಇದನ್ನು ಕಣ್ಣಾರೆ ಕಂಡು ತಡೆಯಲಾಗಲಿಲ್ಲ. ಆ ಸದ್ದಿಲ್ಲದ ಸೈಲೆನ್ಸರ್ ನನ್ನ ಹತ್ತಿರವೇ ಇದೆ, ಅದನ್ನೇ ಹಾಕಿಕೊಡುತ್ತೇನೆ, ನೆಮ್ಮದಿಯಾಗಿ ಗೇಟಿನವರೆಗೆ ಓಡಿಸಿಕೊಂಡು ಬನ್ನಿ ಅಂದೆ.

ನನಗೆ ಗೊತ್ತಿರುವ ಮಟ್ಟಿಗೆ ಅದೊಂದಕ್ಕೆ ಮಾತ್ರ ಅವರು ಆಯ್ತು ಅನ್ನಲಿಲ್ಲ.

“ಬೇಡ ಕಣೋ, ಇರ್ಲಿ,” ಅಂದರು, ಕರ್ಚೀಫಿನಲ್ಲಿ ಬೈಕಿನ ಗಿಡ್ಡ ಸೈಲೆನ್ಸರಿನ ಧೂಳು ಒರೆಸುತ್ತ. “ಇದರ ಸದ್ದಿಗೆ ಒಂದ್ಸಲ ಅವಳು ಗೇಟಿಗೆ ಬಂದಿದ್ಲು.”