ಅಂಟು ಹಾಕದ ಮೇಜು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಲಾವಿದೆಯೊಬ್ಬರ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತು, ಯಾವುದೋ ಹಳೇ ಮನೆಯ ಅಟ್ಟದಿಂದ ಕಿತ್ತು ತಂದ ಹಲಗೆಯ ಮೊಳೆ ತೆಗೆಯುತ್ತಿದ್ದಾರೆ. ಮೊದಲು ಹಿಂಬದಿಯಿಂದ ಮೊಳೆಯ ತುದಿಗೆ ಮೆಲ್ಲಗೆ ಒಂದೇಟು. ಮುಂದೆ ಅದರ ತಲೆ ಇಣುಕಿದ ಮೇಲೆ ಇಕ್ಕಳ ಹಾಕಿ ನೇರವಾಗಿ ಎಳೆಯುವುದು. ತಿರುಚಿದರೆ ಮರ ಸೀಳುತ್ತದಂತೆ. ಸೊಟ್ಟಗಾದ ಮೊಳೆಯನ್ನೂ ಎಸೆಯುವುದಿಲ್ಲ, ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಾರೆ. ಬೀದಿಯವರೆಲ್ಲ ಇವರನ್ನು ಮೊಳೆಯಕ್ಕ ಅಂತಲೇ ಕರೆಯುವುದು.

ನಾನು ಇಲ್ಲಿಗೆ ಬಂದದ್ದು ಬಹಳ ಒಳ್ಳೆಯ ಮನಸ್ಸಿನಿಂದೇನೂ ಅಲ್ಲ. ಎರಡು ತಿಂಗಳ ಹಿಂದೆ ನನ್ನ ಸಹೋದ್ಯೋಗಿಯೊಬ್ಬ ಇದೇ ಪುರವಣಿಯಲ್ಲಿ ಈ ಮನೆಯ ಬಗ್ಗೆ ಬರೆದಿದ್ದ. ಸಿಕ್ಕವರೆಲ್ಲ ನನ್ನೆದುರೇ ಅವನನ್ನು ಹೊಗಳಿದರು, ನಾನು ಹಲ್ಲು ಕಿರಿದುಕೊಂಡು ಕೇಳಿಸಿಕೊಂಡೆ. ಹೊಟ್ಟೆಕಿಚ್ಚು ತಡೆಯಲಾರದೆ, ಏನಾದರೂ ತಪ್ಪು ಸಿಗಬಹುದು ಎಂದು ಆ ಲೇಖನವನ್ನು ಮತ್ತೆ ಬಿಡಿಸಿದಾಗ ದೊಡ್ಡ ಫೋಟೊದ ಮೂಲೆಯಲ್ಲಿ ಒಂದು ಕೈ ಕಂಡಿತು. ಊಟದ ಮೇಜಿನ ಅಂಚನ್ನು ಹಿಡಿದ ಕೈ. ಉಳಿದ ಮನುಷ್ಯನನ್ನು ಕತ್ತರಿಸಿ ಹಾಕಿದ್ದರು. ಅದು ಯಾರ ಕೈ ಎಂದು ಲೇಖನದಲ್ಲಿ ಎಲ್ಲೂ ಇರಲಿಲ್ಲ. ಆ ಕೈಯನ್ನು ಹುಡುಕಿಕೊಂಡು ಬಂದವನು ನಾನು.

ಮನೆಯೊಳಗೆ ಕಾಲಿಟ್ಟರೆ ಮಾತ್ರ ಸಹೋದ್ಯೋಗಿಯ ಮೇಲಿನ ಸಿಟ್ಟು ಮನೆಯವರ ಮೇಲೆ ತಿರುಗುತ್ತದೆ. ಮೆಟ್ಟಿಲುಗಳಾಗಿರುವುದು ಮುಚ್ಚಿಹೋದ ಶಾಲೆಯೊಂದರ ಬೆಂಚುಗಳು. ಯಾರೋ ಕೈವಾರದಿಂದ ಕೆತ್ತಿದ ಹೂವಿನ ಮೇಲೆ ಕಾಲಿಟ್ಟು ಹತ್ತಬೇಕು. ಅಡುಗೆಮನೆಯ ಕಿಟಕಿ ಗುಜರಿಗೆ ಹೋದ ಬಸ್ಸಿನದು, ಪಕ್ಕಕ್ಕೆ ಸರಿಸಿದರೆ ಈಗಲೂ ಬಸ್ಸಿನ ಸದ್ದೇ ಮಾಡುತ್ತದೆ. ಕೈತೊಳೆಯುವ ಬೇಸಿನ್ ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳ ಮೇಲೆ ಕೂತಿದೆ. ಹಜಾರದಲ್ಲಿ ಸಿನಿಮಾ ಮಂದಿರದ ಕುರ್ಚಿಗಳ ಸಾಲು, ನಂಬರಿನ ಸಮೇತ. ನನ್ನ ಬಾಡಿಗೆ ಮನೆಯಲ್ಲಿ ಕಂತು ಕಟ್ಟಿ ತಂದ ಪ್ಲೈವುಡ್ ಬೀರು ಒಂದೇ ವರ್ಷದಲ್ಲಿ ತೇವ ಕುಡಿದು ಉಬ್ಬಿ, ಬಾಗಿಲು ಮುಚ್ಚದೆ ನಿಂತಿದೆ. ಬೇರೆಯವರು ಬಿಸಾಕಿದ್ದನ್ನು ತಂದು ಇಷ್ಟು ಚೆಂದ ಬದುಕಬಹುದು ಎಂದರೆ ಯಾರಿಗೆ ತಾನೆ ಉರಿಯುವುದಿಲ್ಲ?

ಕಲಾವಿದೆ ಕೆಟ್ಟವರೇನಲ್ಲ. ಬಣ್ಣ ಅಂಟಿದ ಕೈಯಲ್ಲೇ ಟೀ ಕೊಡುತ್ತಾರೆ, ಯಾವ ವಸ್ತು ಎಲ್ಲಿ ಇರಬೇಕು ಎಂದು ಯೋಚಿಸುವುದು ತನ್ನ ಕೆಲಸ, ಮಾಡುವುದೆಲ್ಲ ಅಕ್ಕನೇ ಎಂದು ಹೇಳುತ್ತಾರೆ. ಬಂದ ಪತ್ರಕರ್ತರಿಗೆಲ್ಲ ಇದನ್ನು ಹೇಳಿದ್ದಾರಂತೆ, ಯಾರೂ ಬರೆದುಕೊಂಡಿಲ್ಲ.

ಮೊಳೆಯಕ್ಕನ ಅಪ್ಪ ಬಡಗಿ. ಅಣ್ಣನಿಗೆ ಉಳಿ ಹಿಡಿಯಲು ಮನಸ್ಸಿರಲಿಲ್ಲ, ಇವರಿಗೆ ಬಿಡಲು ಮನಸ್ಸಿರಲಿಲ್ಲ. ಮದುವೆಯಾದ ಮೇಲೆ ಮನೆ ಒಡೆಯುವ ಗುಂಪಿನ ಜೊತೆ ಮರ ಬೇರ್ಪಡಿಸುವ ಕೆಲಸಕ್ಕೆ ಹೋದರು. ಗಂಡ ಸರಕು ಸಾಗಿಸುವ ವ್ಯಾನು ಓಡಿಸುತ್ತಾರೆ. ಒಡೆಯುವ ಜಾಗದಲ್ಲಿ ಮೊಳೆಯಕ್ಕನ ಬೆನ್ನ ಮೇಲೆ ಗೋಡೆ ಬಿದ್ದು ವರ್ಷವೊಂದು ಮಲಗಿದ್ದೂ ಉಂಟು. ಎದ್ದ ಮೇಲೆ ಈ ಶೆಡ್ಡಿಗೆ ಬಂದರು. ಈಗ ವಾರಕ್ಕೆ ಆರು ದಿನ, ಬೆಳಗಿನಿಂದ ಸಂಜೆಯವರೆಗೆ ಇಲ್ಲೇ ಕೆಲಸ.

ಮನೆಯಲ್ಲಿ ನನ್ನ ಕಣ್ಣು ಹೆಚ್ಚು ಬಿದ್ದದ್ದು ಆ ಫೋಟೊದಲ್ಲಿ ಮೊಳೆಯಕ್ಕನ ಕೈ ಹಿಡಿದಿದ್ದ ಮೇಜಿನ ಮೇಲೆ. ಒಂದು ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ ಕಾಲು ಕೊಟ್ಟಿದ್ದಾರೆ. ಕಪ್ಪಗೆ ಹೊಳೆಯುವ ಮರ, ಅಂಚಿನುದ್ದಕ್ಕೂ ಬಳ್ಳಿಯ ಕೆತ್ತನೆ, ಒಂದು ಬದಿಯಲ್ಲಿ ಹಿತ್ತಾಳೆಯ ಚಿಲಕ ಹಾಗೇ ಇದೆ. ಇಂಥದ್ದೇ ಒಂದು ನನಗೂ ಮಾಡಿಕೊಡಿ ಎಂದು ಶೆಡ್ಡಿಗೆ ಹೋಗಿ ನಾಚಿಕೆ ಬಿಟ್ಟು ಕೇಳಿದೆ. ಮೊಳೆಯಕ್ಕ ಇಕ್ಕಳ ಕೆಳಗಿಟ್ಟರು.

"ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳಿ. ಅದು ಮೇಜಲ್ಲ. ನಮ್ಮಪ್ಪನ ಮನೆ ಬಾಗಿಲು."

ತವರುಮನೆಯನ್ನು ಅಣ್ಣ ಮಾರಿ ಆರು ವರ್ಷವಾಯಿತು. ಕೊಂಡವರು ಒಡೆದು ಹಾಕಿದರು. ಒಡೆಯಲು ಬಂದದ್ದು ಇವರದೇ ಹಳೆಯ ಗುಂಪು, ಹಾಗಾಗಿ ಬಾಗಿಲಿಗೆ ಹಾರೆ ತಾಗದಂತೆ ಇವರೇ ನಿಂತು ಬಿಚ್ಚಿಕೊಂಡರು. ಅಪ್ಪ ಅದನ್ನು ಕೆತ್ತುವಾಗ ಹಲಗೆ ಅಲುಗದ ಹಾಗೆ ಹಿಡಿದುಕೊಂಡು ಕೂತವರು ಇವರೇ ಅಂತೆ. "ಮನೆ ದುಡ್ಡೆಲ್ಲ ಅಣ್ಣನಿಗೆ. ಬಾಗಿಲು ನಂಗೆ ಅಂದೆ. ಅವನು ನಕ್ಕ, ತಗೊಂಡು ಹೋಗು ಅಂದ." ಆದರೆ ಬಾಗಿಲು ಇಡಲು ಮನೆ ಬೇಕಲ್ಲ! ಬಾಡಿಗೆ ಕೋಣೆಯ ಸೂರಿಗಿಂತ ಬಾಗಿಲೇ ಎತ್ತರ. ಶೆಡ್ಡಿನಲ್ಲಿ ತಾಡಪಾಲು ಹೊದಿಸಿ ಇಟ್ಟಿದ್ದರು. ಒಂದು ದಿನ ಕಲಾವಿದೆ ತಾಡಪಾಲು ಎತ್ತಿ ನೋಡಿದರು, ಕಣ್ಣರಳಿಸಿದರು, ಕೆಲಸಕ್ಕೆ ತಂದ ಗುಜರಿ ಮರವೆಂದುಕೊಂಡು ಇದು ಊಟದ ಮೇಜಾಗಬೇಕು ಎಂದರು. ಇವರು ಬಾಯಿ ಬಿಡಲಿಲ್ಲ.

ಬಾಯಿ ಬಿಡಲಿಲ್ಲ ನಿಜ, ಆದರೆ ಕೈ ಸುಮ್ಮನಿರಲಿಲ್ಲ. ಈ ಮನೆಯ ಪ್ರತಿಯೊಂದು ಕುರ್ಚಿ, ಕಪಾಟಿಗೂ ಅಂಟು ಹಾಕಿ ಮೊಳೆ ಹೊಡೆದವರು ಆ ಮೇಜಿಗೆ ಮಾತ್ರ ಎರಡನ್ನೂ ಮುಟ್ಟಿಸಲಿಲ್ಲ. ಬಾಗಿಲಿನ ಕೆಳಗೆ ಒಂದು ಚೌಕಟ್ಟು ಮಾಡಿ, ಸುತ್ತ ಮರದ ಬೆಣೆ ಬಡಿದು ಬಿಗಿ ಮಾಡಿದರು. ಬೆಣೆ ತಟ್ಟಿ ತೆಗೆದರೆ ಬಾಗಿಲು ಬಾಗಿಲಾಗಿಯೇ ಎದ್ದು ಬರುತ್ತದೆ, ಒಂದು ತೂತೂ ಇಲ್ಲದೆ.

"ಅದರ ಮೇಲೆ ಕಂಡೋರೆಲ್ಲ ತಟ್ಟೆ ಇಟ್ಕೊಂಡು ಊಟ ಮಾಡೋದು ನೋಡಿದ್ರೆ ಹೊಟ್ಟೇಲಿ ಬೆಂಕಿ ಬೀಳುತ್ತೆ ನಂಗೆ," ಎನ್ನುತ್ತಾರೆ ಮೊಳೆಯಕ್ಕ. "ಮೇಡಂ ಒಳ್ಳೇವ್ರೇ. ಒಳ್ಳೇವ್ರ ಮೇಲೆ ಹೊಟ್ಟೆಕಿಚ್ಚು ಬರಬಾರದು ಅಂತೇನಾದ್ರೂ ಇದೆಯಾ?"

ಇಲ್ಲ ಎಂದು ಈ ವಿಷಯದಲ್ಲಿ ಪಳಗಿದ ನಾನು ಧೈರ್ಯ ಹೇಳಿದೆ.

ಈಗ ಅವಸರವೂ ಬಂದಿದೆ. ಗಂಡ ಹೆಂಡತಿ ಸೇರಿ ಎರಡು ಕೋಣೆಯ ಸ್ವಂತ ಮನೆ ಕಟ್ಟಿದ್ದಾರೆ, ಬರುವ ವಾರ ಅಲ್ಲಿಗೆ ಹೋಗಬೇಕು. ಮುಂಬಾಗಿಲಿನ ಜಾಗವನ್ನು ಆ ಬಾಗಿಲಿನ ಅಳತೆಗೇ ಬಿಡಿಸಿದ್ದಾರೆ. ಇಷ್ಟು ಸಣ್ಣ ಮನೆಗೆ ಅಷ್ಟೆತ್ತರದ ಬಾಗಿಲೇ, ಅದೂ ಇನ್ನೂ ಕೈಗೆ ಬಂದಿಲ್ಲ, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುತ್ತಿದ್ದೀರಲ್ಲ ಎಂದು ಗಾರೆಯವನು ತಮಾಷೆ ಮಾಡಿದನಂತೆ. ಸದ್ಯಕ್ಕೆ ಅಲ್ಲಿ ತಾಡಪಾಲು ತೂಗುತ್ತಿದೆ. ಬಾಗಿಲು ನಿನ್ನದೆಂದು ಬಾಯಿಬಿಟ್ಟು ಕೇಳು, ಇಲ್ಲವೇ ತಗಡು ಹೊಡೆಸಿ ತೆಪ್ಪಗಿರು ಎಂಬುದು ಗಂಡನ ತೀರ್ಪು.

ಇದನ್ನು ಬರೆಯಲೇ ಎಂದು ಕೇಳಿದೆ. ಮೊಳೆಯಕ್ಕ ಮೊಳೆಯ ಡಬ್ಬಿಗೆ ಮುಚ್ಚಳ ಹಾಕಿದರು. ಮೇಡಂ ಪೇಪರಿನಲ್ಲಿ ಓದಿ ತಿಳಿಯುವುದು ಚೆನ್ನಾಗಿರುವುದಿಲ್ಲ ಎಂದು ಎದ್ದು, ಮೈಮೇಲಿನ ಮರದ ಪುಡಿ ಕೊಡವಿಕೊಂಡು ಒಳಗೆ ನಡೆದರು. ನಾನೂ ಹಿಂದೆಯೇ ಹೋದೆ.

ಕಲಾವಿದೆ ಅದೇ ಮೇಜಿನ ಮುಂದೆ ಕೂತು ತಿಂಡಿ ತಿನ್ನುತ್ತಿದ್ದಾರೆ. ಮೊಳೆಯಕ್ಕ ಕೂರದೆ, ಸುತ್ತಿ ಬಳಸದೆ, ನಿಂತೇ ಎಲ್ಲವನ್ನೂ ಹೇಳುತ್ತಾರೆ. ಕಲಾವಿದೆ ತಟ್ಟೆಯನ್ನು ಮೇಜಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ.

"ಆರು ವರ್ಷ ಯಾಕೆ ಹೇಳಲಿಲ್ಲ ಅಕ್ಕಾ? ಕೇಳಿದ್ರೆ ಕೊಡ್ತಿದ್ದೆನಲ್ಲ."

"ಕೊಡ್ತೀರಾ ಅಂತ ಗೊತ್ತಿತ್ತು ಮೇಡಂ. ಕೊಟ್ಟಿದ್ರೆ ತಗೊಂಡು ಎಲ್ಲಿ ಇಡ್ತಿದ್ದೆ?"

ಕಲಾವಿದೆ ಬಳ್ಳಿಯ ಕೆತ್ತನೆಯ ಮೇಲೆ ಬೆರಳಾಡಿಸುತ್ತಾರೆ. ನುಂಗಲಾರದ ಉಗುಳಲಾರದ ಬಿಸಿತುಪ್ಪ. ಭಾನುವಾರ ಬರುವ ಅತಿಥಿಗಳನ್ನು ಎಲ್ಲಿ ಕೂರಿಸುವುದು ಎಂದು ಗೊಣಗುತ್ತಾರೆ. ಹೊಸ ಮೇಜಿಗೆಂದೇ ಹಲಗೆ ಸಿದ್ಧ ಮಾಡುತ್ತಿದ್ದೇನೆ, ಬೆಳಿಗ್ಗೆಯಿಂದ ಮೊಳೆ ಕೀಳುತ್ತಿರುವುದು ಅದಕ್ಕೇ ಎಂದು ಮೊಳೆಯಕ್ಕ ಹೇಳಿದ ಮೇಲೆ ಗೊಣಗಲು ಏನೂ ಉಳಿಯುವುದಿಲ್ಲ. ತೆಗೆದುಕೊಂಡು ಹೋಗಿ ಎನ್ನುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಇದನ್ನೂ ಬರ್ಕೊಳ್ಳಿ. ಖುಷಿಯಿಂದ ಕೊಡ್ತಿಲ್ಲ ನಾನು. ಅವರ ಮನೆ ಮೇಲೆ ನಂಗೀಗ ಹೊಟ್ಟೆಕಿಚ್ಚಾಗ್ತಿದೆ," ಎನ್ನುತ್ತಾರೆ. ಬರೆದುಕೊಂಡೆ.

ಕೊಡತಿಯಿಂದ ತಟ್ಟಿದರೆ ಬೆಣೆಗಳು ಒಂದೊಂದಾಗಿ ಸಡಿಲವಾಗುತ್ತವೆ. ಮೂವರೂ ಸೇರಿ ಎತ್ತಿ, ಗೋಡೆಗೆ ಒರಗಿಸಿ ನಿಲ್ಲಿಸುತ್ತೇವೆ. ಮಲಗಿದ್ದಾಗ ಚೆಂದವಿದ್ದದ್ದು ಎದ್ದು ನಿಂತಾಗ ಬೇರೆಯೇ ಆಗಿದೆ. ಅದರ ಮುಂದೆ ಸಿನಿಮಾ ಕುರ್ಚಿಗಳೂ ಶಾಲೆಯ ಮೆಟ್ಟಿಲೂ ಸಪ್ಪೆ. ಇನ್ನು ಮೇಲೆ ಈ ಮನೆಯ ಮೇಲೆ ನನಗೆ ಮೊದಲಿನಷ್ಟು ಉರಿಯಲಾರದು.

ಹೊಸ ಮನೆಗೆ ಹೋದ ದಿನ ಮೊದಲು ಏನು ಮಾಡುತ್ತೀರಿ ಎಂದು ಮೊಳೆಯಕ್ಕನನ್ನು ಕೇಳಿದೆ. ಹಿತ್ತಾಳೆಯ ಚಿಲಕವನ್ನು ಸೆರಗಿನಿಂದ ಒರೆಸುತ್ತ, ಯೋಚಿಸದೆ ಹೇಳಿದರು:

"ಒಳಗಿಂದ ಚಿಲಕ ಹಾಕ್ಕೋತೀನಿ. ಒಂದು ದಿನ ಯಾರು ತಟ್ಟಿದ್ರೂ ತೆಗೆಯಲ್ಲ, ಅಣ್ಣ ಬಂದ್ರೂ, ಮೇಡಂ ಬಂದ್ರೂ. ಹೊರಗೆ ನಿಂತ್ಕೊಂಡು ನೋಡ್ಲಿ, ಎಷ್ಟು ಚೆಂದದ ಬಾಗಿಲು ಅಂತ. ನಾನು ಆರು ವರ್ಷ ನೋಡಿಲ್ವಾ?"