ರಕ್ಕಸರ ಊರಿನ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳನ್ನು ಗಾಳಿಯಲ್ಲಿ ಮೆಲ್ಲಗೆ ಆಡಿಸುತ್ತ, ಮುಂಬಯಿಗೆ ಹೋಗುವ ಬೆಳಗಿನ ಟಿಟ್ವಾಳಾ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಅವರು ರಕ್ಕಸರ ಊರು ಕಟ್ಟುತ್ತಿದ್ದರು.

ಉಡುಪಿ ಕಡೆಯವರು; ಠಾಣೆ ಊರಿನ ಹೊಲಿಗೆ ಕಾರ್ಖಾನೆಯೊಂದರಲ್ಲಿ ಕೆಲಸ. ಕನ್ನಡ ಬಲ್ಲ ನಾವು ಐದಾರು ಮಂದಿ ಸುತ್ತ ಸೇರುತ್ತಿದ್ದೆವು. ಕಣ್ಣಲ್ಲಿ ಇನ್ನೂ ನಿದ್ದೆ, ಕಿಟಕಿಯಾಚೆ ಮಂಜು. ನದಿಯ ಮೇಲೆ ರೈಲು ತೇಲುತ್ತಿದೆ ಅನ್ನಿಸುವ ಹೊತ್ತಿಗೆ, "ನಿನ್ನೆ ಎಲ್ಲಿಗೆ ಬಿಟ್ಟೆ ಮಾರಾಯ್ತಿ?" ಎಂದು ಕತೆ ಶುರುಮಾಡುವರು.

ಅವರ ರಕ್ಕಸರು ಕೆಟ್ಟವರಲ್ಲ. ಊರಿಗೆಲ್ಲ ಒಂದೇ ಅಡುಗೆಮನೆ, ಉಣ್ಣುವ ಮೊದಲು ಹಾಡು. ಆಮೇಲೆ ನದಿಯಾಚೆಯವರೊಂದಿಗೆ ಯುದ್ಧ ಬಂತು. ಹಂಡೆಗಳನ್ನು ಕರಗಿಸಿ ಈಟಿ ಮಾಡಿದರು. ಒಟ್ಟಿಗೆ ಉಣ್ಣುವುದು ನಿಂತಿತು. ಗಂಟಲು ರಣಕೂಗಿಗೆ ಬೇಕೆಂದು ಹಾಡು ಬಿಟ್ಟರು. ಸತ್ತವರನ್ನು ಹೂಳಲು ಪುರುಸೊತ್ತಿಲ್ಲದಾಯಿತು. ಕೊನೆಗೆ ಪಕ್ಕದ ಮನೆಯವರ ಹೆಸರೂ ಮರೆತು, ವಾಸನೆ ಹಿಡಿದು ಒಬ್ಬರನ್ನೊಬ್ಬರು ಬೇಟೆಯಾಡತೊಡಗಿದರು.

ಕತೆ ಅಲ್ಲಿಗೆ ಬಂದಿದ್ದ ಮಳೆಗಾಲ. ಡೊಂಬಿವಲಿಯಲ್ಲಿ ಹತ್ತುವವರಿಗೂ ನಮಗೂ ಜಾಗಕ್ಕಾಗಿ ದಿನಾ ಜಗಳ. ಒಂದು ಬೆಳಿಗ್ಗೆ ನಾವು ಬಾಗಿಲಿಗೇ ಅಡ್ಡ ನಿಂತೆವು. ನುಗ್ಗಿಬಂದ ಹೆಂಗಸೊಬ್ಬಳ ಕೆನ್ನೆಯನ್ನು ನಾನು ಪರಚಿದೆ. ರಕ್ತ ಜಿನುಗಿತು. ಒಂದು ಕ್ಷಣ ನನಗೆ ಖುಷಿಯಾಯಿತು. ಆ ಖುಷಿಯನ್ನು ಅಕ್ಕ ನೋಡಿಬಿಟ್ಟರು.

ಮರುದಿನ ಕತೆಯಿಲ್ಲ. ಕೇಳಿದರೆ, "ಇವತ್ತು ನಂಗೆ ರಕ್ಕಸರ ಮುಖ ನೋಡ್ಲಿಕ್ಕೆ ಆಗುದಿಲ್ಲ" ಎಂದರು, ನನ್ನತ್ತ ತಿರುಗದೆ. ಡೊಂಬಿವಲಿ ಬಂದಾಗ ಎದ್ದು ಬಾಗಿಲಿಗೆ ಹೋಗಿ, ಕೆನ್ನೆಗೆ ಪಟ್ಟಿ ಹಚ್ಚಿದ್ದ ಆ ಹೆಂಗಸನ್ನು ಕೈಹಿಡಿದು ತಂದು ತಮ್ಮ ಜಾಗದಲ್ಲಿ ಕೂರಿಸಿದರು. "ಬೈಠೋ ಬೇಟಿ." ಠಾಣೆಯವರೆಗೂ ನಿಂತೇ ಬಂದರು. ನಾಲ್ಕು ದಿನ ಹೀಗೇ.

ಐದನೆಯ ದಿನ ಅಕ್ಕನಿಗಿಂತ ಮೊದಲು ನಾನೇ ಎದ್ದೆ. ಆ ಹೆಂಗಸಿಗೆ ಜಾಗ ಬಿಟ್ಟು, "ಮಾಫ್ ಕರೋ" ಎಂದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸ್ವಲ್ಪ ಸರಿದು ಸೀಟಿನ ಅಂಚನ್ನು ತಟ್ಟಿದಳು. ಇಬ್ಬರೂ ಮುದುಡಿ ಕೂತೆವು.

ಅಕ್ಕ ಬೆರಳೆತ್ತಿದರು. "ಶತ್ರುಗಳು ಹೊರಟುಹೋಗಿ ವರ್ಷ ಆಗಿತ್ತು" ಎಂದರು. "ಇವರಿಗೆ ಗೊತ್ತೇ ಆಗ್ಲಿಲ್ಲ."

ಪಕ್ಕದವಳಿಗೆ ನಾನು ಅದನ್ನು ಹಿಂದಿಯಲ್ಲಿ ಪಿಸುಗುಟ್ಟಿದೆ.

ಕಳೆದ ವರ್ಷ ಜ್ವರ ಬಂದು ಎಂಟೇ ದಿನದಲ್ಲಿ ಅಕ್ಕ ಹೋದರು. ಟಿಟ್ವಾಳಾದ ಅವರ ಮನೆಗೆ ಹೋದಾಗ ಮಗಳೊಬ್ಬಳೇ ಇದ್ದಳು. ನಿಮ್ಮಮ್ಮ ನಮಗೆಲ್ಲ ಕತೆ ಹೇಳುತ್ತಿದ್ದರು ಎಂದೆ. ಅವಳು ಬೆರಗಾದಳು. "ಮಮ್ಮಿ? ಘರ್ ಮೇ ತೋ ಚುಪ್ ರೆಹತೀ ಥೀ. ಬಹುತ್ ಥಕ್ ಜಾತೀ ಥೀ." ದಣಿದು ಬಂದು ಮನೆಯಲ್ಲಿ ಸುಮ್ಮನಿರುತ್ತಿದ್ದ ಅಮ್ಮನನ್ನಷ್ಟೇ ಅವಳು ಬಲ್ಲಳು. ಆಮೇಲೆ, "ಕೌನ್ಸೀ ಕಹಾನಿ?" ಎಂದು ಕೇಳಿದಳು.

ಕೆಳಗೆ ಚಾಪೆಯ ಮೇಲೆ ಕೂತು ರಕ್ಕಸರ ಕತೆಯನ್ನು ಹಿಂದಿಯಲ್ಲಿ ಮೊದಲಿಂದ ಶುರುಮಾಡಿದೆ. ಹಾಡು ನಿಲ್ಲುವಲ್ಲಿಗೆ ಬಂದಾಗ ನನ್ನ ಹಿಂದಿ ಕೈಕೊಟ್ಟಿತು, ಕನ್ನಡದಲ್ಲೇ ಮುಂದುವರಿಸಿದೆ. ಅವಳು ತಡೆಯಲಿಲ್ಲ.